ಗಡಿನಾಡಿನ ತರಗತಿಯಲ್ಲಿ ಸೃಜನಶೀಲ ಬರವಣಿಗೆ: ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರಗಳ ಪರಂಪರೆ

ಕವಿತೆ, ಕತೆ, ಕಾದಂಬರಿ, ನಾಟಕ, ಪ್ರಬಂಧಗಳನ್ನು ಓದಿ ವಿವರಿಸುವುದಷ್ಟಕ್ಕೆ ನಿಲ್ಲದೆ ಅವುಗಳನ್ನು ಬರೆಯುವುದನ್ನೇ ಅಭ್ಯಾಸದ ವಿಷಯವನ್ನಾಗಿ ಮಾಡಿಕೊಂಡು, ವಿದ್ಯಾರ್ಥಿಯ ಸ್ವಂತ ಹಸ್ತಪ್ರತಿಯನ್ನೇ ತರಗತಿಯ ಮುಖ್ಯ ಪಠ್ಯವಾಗಿ ಇಟ್ಟುಕೊಂಡು ವಿಶ್ವವಿದ್ಯಾಲಯದಲ್ಲಿ ನಡೆಯುವ ವ್ಯಾಸಂಗಕ್ಕೆ ಸೃಜನಶೀಲ ಬರವಣಿಗೆಯ ಅಧ್ಯಯನ ಎಂಬ ಹೆಸರು ಬಳಕೆಯಲ್ಲಿದೆ. ಸಾಹಿತ್ಯದ ವಿದ್ಯಾರ್ಥಿ ಮುಗಿದುಹೋದ ಕೃತಿಯನ್ನು ಹೊರಗಿನಿಂದ ನೋಡುತ್ತಾನೆ. ಬರವಣಿಗೆಯ ವಿದ್ಯಾರ್ಥಿ ಇನ್ನೂ ಮುಗಿಯದ ಕೃತಿಯನ್ನು ಒಳಗಿನಿಂದ ನೋಡಬೇಕಾಗುತ್ತದೆ. ಈ ಎರಡು ನೋಟಗಳ ನಡುವಿನ ಅಂತರವೇ ಈ ಶಿಸ್ತಿಗೆ ಪ್ರತ್ಯೇಕವಾದ ಅಸ್ತಿತ್ವವನ್ನು ಕೊಟ್ಟಿದೆ. ಪಂಚಗಂಗೆಯ ದಂಡೆಯ ಶಿರೋಳಿಯಿಂದ ಇಚಲಕರಂಜಿಯನ್ನೂ ಶಿರೋಳ ತಾಲೂಕನ್ನೂ ಹಾದು ಹಿರಣ್ಯಕೇಶಿಯ ಗಡಹಿಂಗ್ಲಜದವರೆಗೆ ಹರಡಿರುವ, ಮನೆಯೊಳಗೆ ಕನ್ನಡವನ್ನೂ ಶಾಲೆಯಲ್ಲಿ ಮರಾಠಿಯನ್ನೂ ಬಾಳಿಸಿಕೊಂಡು ಬಂದ ಸಾವಿರಾರು ಕುಟುಂಬಗಳ ನಾಡಿನಲ್ಲಿ ಈ ಅಧ್ಯಯನಕ್ಕೆ ಯಾವ ಅರ್ಥವಿದೆ, ಯಾವ ಪೂರ್ವೇತಿಹಾಸವಿದೆ, ಮುಂದೆ ಅದು ಯಾವ ರೂಪವನ್ನು ತಾಳಬೇಕು ಎಂಬುದು ಪ್ರಸ್ತುತ ಉಪನ್ಯಾಸದ ವಿಷಯವಾಗಿದೆ.

ಇಂಥ ವ್ಯಾಸಂಗದ ಮಾತು ಬಂದಾಗಲೆಲ್ಲ ಎರಡು ಆಕ್ಷೇಪಗಳು ಎದುರಾಗುತ್ತವೆ. ಕವಿ ಹುಟ್ಟಿಬರುತ್ತಾನೆಯೇ ಹೊರತು ಪಾಠದಿಂದ ಆಗುವುದಿಲ್ಲ ಎಂಬುದು ಮೊದಲನೆಯದು. ಇದು ಪರದೇಶದ ವಿಶ್ವವಿದ್ಯಾಲಯಗಳಿಂದ ಬಂದ ಹೊಸ ಪದ್ಧತಿ, ನಮ್ಮ ಪರಂಪರೆಗೆ ಹೊರತಾದದ್ದು ಎಂಬುದು ಎರಡನೆಯದು. ಮೂರನೆಯ ಪ್ರಶ್ನೆಯೊಂದು ಸಾಮಾನ್ಯವಾಗಿ ಯಾರ ಬಾಯಲ್ಲೂ ಬರುವುದಿಲ್ಲವಾದರೂ ಗಡಿನಾಡಿನಲ್ಲಿ ಅದೇ ಎಲ್ಲಕ್ಕಿಂತ ತೂಕದ್ದು: ಬರೆಯಲು ಕಲಿಸುವುದಾದರೆ ಯಾವ ಕನ್ನಡದಲ್ಲಿ ಬರೆಯಲು ಕಲಿಸಬೇಕು? ಮೊದಲಿನ ಎರಡು ಆಕ್ಷೇಪಗಳಿಗೆ ಉತ್ತರ ಹಳೆಯ ಕಾವ್ಯಶಾಸ್ತ್ರದಲ್ಲಿಯೇ ಇದೆ. ಮೂರನೆಯದಕ್ಕೆ ಉತ್ತರವನ್ನು ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರಗಳ ಕಾಲೇಜುಗಳ ಇತಿಹಾಸದಲ್ಲಿ ಹುಡುಕಬೇಕಾಗಿದೆ.

ಕಾವ್ಯದ ಹುಟ್ಟಿಗೆ ಕಾರಣವೇನು ಎಂಬ ಪ್ರಶ್ನೆಯನ್ನು ಭಾರತೀಯ ಮೀಮಾಂಸಕರು ಕಾವ್ಯಹೇತು ಎಂಬ ಶೀರ್ಷಿಕೆಯಡಿ ಚರ್ಚಿಸಿದ್ದಾರೆ. ಮಮ್ಮಟನು ಕಾವ್ಯಪ್ರಕಾಶದಲ್ಲಿ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳುತ್ತಾನೆ. ಶಕ್ತಿ ಎಂದರೆ ಹುಟ್ಟಿನೊಂದಿಗೆ ಬಂದ ಕವಿತ್ವದ ಬೀಜ, ನಿಪುಣತೆ ಎಂದರೆ ಲೋಕವನ್ನೂ ಶಾಸ್ತ್ರ ಕಾವ್ಯಗಳನ್ನೂ ಚೆನ್ನಾಗಿ ನೋಡಿ ಓದಿ ಗಳಿಸಿದ ತಿಳಿವಳಿಕೆ, ಅಭ್ಯಾಸ ಎಂದರೆ ಕಾವ್ಯವನ್ನು ಬಲ್ಲವರ ಶಿಕ್ಷಣದಲ್ಲಿ ಮತ್ತೆ ಮತ್ತೆ ಬರೆಯುವುದು. ಈ ಮೂರು ಬೇರೆ ಬೇರೆ ಕಾರಣಗಳಲ್ಲ, ಮೂರೂ ಕೂಡಿಯೇ ಒಂದು ಕಾರಣವಾಗುತ್ತದೆ ಎಂದು ಅವನು ಒತ್ತಿಹೇಳಿರುವುದನ್ನು ಕವಿ ಹುಟ್ಟಿಬರುತ್ತಾನೆ ಎನ್ನುವವರು ಗಮನಿಸುವುದಿಲ್ಲ. ಪ್ರತಿಭೆಯನ್ನು ಎಲ್ಲರಿಗಿಂತ ಎತ್ತರದಲ್ಲಿಟ್ಟ ಪರಂಪರೆಯೇ ಕಾವ್ಯಜ್ಞರ ಶಿಕ್ಷಣವನ್ನು ಕಾವ್ಯಕಾರಣದ ಒಳಗೆ ಸೇರಿಸಿತು ಎಂಬುದು ಬಹಳ ಮಹತ್ತ್ವದ ಸಂಗತಿಯಾಗಿದ್ದು, ವಿಶ್ವವಿದ್ಯಾಲಯವು ಕೊಡಬಲ್ಲದ್ದು ಯಾವುದು, ಕೊಡಲಾರದ್ದು ಯಾವುದು ಎಂಬ ಗೆರೆಯನ್ನೂ ಅದೇ ಸೂಚಿಸುತ್ತದೆ.

ರಾಜಶೇಖರನ ಕಾವ್ಯಮೀಮಾಂಸೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರತಿಭೆಯನ್ನೇ ಎರಡಾಗಿ ಒಡೆದು, ಸೃಷ್ಟಿಸುವ ಶಕ್ತಿಗೆ ಕಾರಯಿತ್ರಿ ಎಂದೂ ಆಸ್ವಾದಿಸಿ ವಿವೇಚಿಸುವ ಶಕ್ತಿಗೆ ಭಾವಯಿತ್ರಿ ಎಂದೂ ಹೆಸರಿಡುತ್ತದೆ. ಕವಿಯ ದಿನವನ್ನು ಪ್ರಹರಗಳಾಗಿ ಹಂಚಿ, ಓದಿಗೆ ಒಂದು, ರಚನೆಗೆ ಒಂದು, ಗೋಷ್ಠಿಗೆ ಒಂದು, ಬೆಳಿಗ್ಗೆ ಬರೆದುದನ್ನು ಒಬ್ಬನೇ ಕುಳಿತೋ ಕೆಲವೇ ಮಂದಿಯ ಜೊತೆಗೋ ಪರೀಕ್ಷಿಸುವುದಕ್ಕೆ ಇನ್ನೊಂದು ಎಂದು ಗೊತ್ತುಮಾಡುತ್ತದೆ. ಕಾಶ್ಮೀರದ ಕ್ಷೇಮೇಂದ್ರನು ಕವಿಕಂಠಾಭರಣದಲ್ಲಿ ಶಿಷ್ಯರನ್ನು ಅವರ ಯೋಗ್ಯತೆಗನುಸಾರವಾಗಿ ವಿಂಗಡಿಸಿ, ಛಂದಸ್ಸು ಕೈಗೆ ಕೂಡಿಬರುವವರೆಗೆ ಅರ್ಥದ ಹೊಣೆಯಿಲ್ಲದ ಪದ್ಯಗಳನ್ನು ಕಟ್ಟುವುದು, ಇದ್ದ ಪದ್ಯದ ಪದಗಳನ್ನು ತೆಗೆದು ಬೇರೆ ಪದಗಳನ್ನು ಕೂರಿಸುವುದು ಮೊದಲಾದ ಸಾಧನೆಗಳನ್ನು ಹೇಳಿಕೊಡುತ್ತಾನೆ. ಔಚಿತ್ಯವಿಚಾರಚರ್ಚೆಯಲ್ಲಿ ಅವನು ದೊಡ್ಡ ಕವಿಗಳ ಪದ್ಯಗಳೊಂದಿಗೆ ತನ್ನ ಪದ್ಯಗಳನ್ನೂ ದೋಷಪರೀಕ್ಷೆಗೆ ಒಡ್ಡುತ್ತಾನೆ; ಬರವಣಿಗೆಯನ್ನು ಕಲಿಸುವ ಅಧ್ಯಾಪಕನಿಗೆ ಇದಕ್ಕಿಂತ ಉತ್ತಮವಾದ ಮೇಲ್ಪಂಕ್ತಿ ಬೇಕಾಗಿಲ್ಲ.

ಕನ್ನಡದಲ್ಲಿ ದೊರೆತ ಮೊದಲ ಗ್ರಂಥವೇ ಬರೆಯುವವರಿಗಾಗಿ ಬರೆದ ಗ್ರಂಥ. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶವನ್ನು ಬಹಳ ಮಟ್ಟಿಗೆ ಅವಲಂಬಿಸಿದ್ದರೂ, ಅದರ ಮೊದಲ ಪರಿಚ್ಛೇದವು ದೋಷಗಳ ವಿಚಾರಕ್ಕೆ ಮೀಸಲಾಗಿದ್ದು, ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಎಲ್ಲಿ ಸಮಾಸ ಮಾಡಬಹುದು, ಎಲ್ಲಿ ಮಾಡಬಾರದು, ಬೆರಕೆ ಎಲ್ಲಿ ಕಿವಿಗೆ ಕೆಡುಕು ಎಂಬ ಸೂಕ್ಷ್ಮಗಳನ್ನು ಉದಾಹರಣೆಗಳ ಸಮೇತ ತೋರಿಸುತ್ತದೆ. ಕೆಟ್ಟ ಪ್ರಯೋಗವನ್ನು ಕೊಟ್ಟು ಅದನ್ನೇ ತಿದ್ದಿ ತೋರಿಸುವ ಆ ಕ್ರಮವು ಇಂದಿನ ಬರವಣಿಗೆಯ ಕಮ್ಮಟದ, ಎಂದರೆ ಹಸ್ತಪ್ರತಿಗಳನ್ನು ಒಟ್ಟಿಗೆ ಕುಳಿತು ಓದಿ ತಿದ್ದುವ ಕೂಟದ, ಕ್ರಮವೇ ಆಗಿದೆ. ಗಡಿನಾಡಿನ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದದ್ದು, ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕಣ್ಣಮುಂದಿಟ್ಟುಕೊಂಡ ಆ ಗ್ರಂಥಕಾರನು ಕನ್ನಡದ ಪ್ರಾಂತಭೇದಗಳನ್ನು ಕಂಡು ಅವುಗಳ ದೋಷಗಳನ್ನು ಎಣಿಸಹೊರಟರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರವಾದೀತು ಎಂದು ಒಪ್ಪಿಕೊಂಡಿರುವುದು. ಒಂದು ತಿರುಳ್ಗನ್ನಡವನ್ನು ಗುರುತಿಸಬೇಕೆಂಬ ಹಂಬಲವೂ ಕನ್ನಡಗಳು ಹಲವು ಎಂಬ ಅರಿವೂ ಒಂದೇ ಗ್ರಂಥದಲ್ಲಿ ಜೊತೆಗಿವೆ, ಮತ್ತು ಅವುಗಳ ನಡುವಿನ ಎಳೆದಾಟ ಇಂದಿಗೂ ತೀರಿಲ್ಲ.

ಆಧುನಿಕ ವಿಶ್ವವಿದ್ಯಾಲಯದಲ್ಲಿ ಈ ಅಧ್ಯಯನಕ್ಕೆ ಪದವಿಯ ರೂಪ ಬಂದದ್ದು ಅಮೆರಿಕದಲ್ಲಿ. ಅಯೋವಾ ವಿಶ್ವವಿದ್ಯಾಲಯದ ಲೇಖಕರ ಕಮ್ಮಟ 1936ರಲ್ಲಿ ಆರಂಭವಾಯಿತು, ಪರದೇಶಗಳ ಲೇಖಕರನ್ನು ಬರಮಾಡಿಕೊಳ್ಳುವ ಅಲ್ಲಿನ ಅಂತರರಾಷ್ಟ್ರೀಯ ಯೋಜನೆ 1967ರಲ್ಲಿ ಹುಟ್ಟಿತು. ಇಂಗ್ಲೆಂಡಿನಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯವು 1970ರಲ್ಲಿ ಕಾದಂಬರಿಕಾರರಾದ ಮಾಲ್ಕಮ್ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್ ಅವರ ಮುಂದಾಳತ್ವದಲ್ಲಿ ಸೃಜನಶೀಲ ಬರವಣಿಗೆಯ ಎಂ.ಎ. ಪದವಿಯನ್ನು ಆರಂಭಿಸಿತು. ಈ ಬ್ರಾಡ್‌ಬರಿಯವರ ಹೆಸರು ಕನ್ನಡದ ಓದುಗರಿಗೆ ಬೇರೊಂದು ಕಾರಣದಿಂದ ಪರಿಚಿತವಾಗಿದೆ: 1960ರ ದಶಕದ ನಡುವಿನಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ಯು. ಆರ್. ಅನಂತಮೂರ್ತಿಯವರು ಅವರೊಂದಿಗೆ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ನೋಡಿ, ಬಳಿಕ ನಡೆದ ಮಾತುಕತೆಯಲ್ಲಿ ಭಾರತೀಯ ಲೇಖಕನಿಗೆ ಹಲವು ಶತಮಾನಗಳು ಏಕಕಾಲಕ್ಕೆ ಜೀವಂತವಾಗಿ ದೊರೆಯುತ್ತವೆ ಎಂಬ ಸೂಚನೆಯನ್ನು ಪಡೆದು, ಅದರ ಪ್ರಚೋದನೆಯಿಂದ ‘ಸಂಸ್ಕಾರ’ವನ್ನು ಬರೆದ ಸಂಗತಿಯನ್ನು ಹಲವು ಸಲ ನೆನೆದಿದ್ದಾರೆ. ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಆಗ ಅಧ್ಯಾಪಕರಾದ ಬ್ರಾಡ್‌ಬರಿಯವರ ಕೈಯಲ್ಲಿ ಬರವಣಿಗೆಯ ಪದವಿಯೂ ಇರಲಿಲ್ಲ, ಪಠ್ಯಕ್ರಮವೂ ಇರಲಿಲ್ಲ. ಬರೆಯುವ ಅಧ್ಯಾಪಕನೊಬ್ಬ ಬರೆಯಬಲ್ಲ ವಿದ್ಯಾರ್ಥಿಯೊಬ್ಬನ ಜೊತೆಗೆ ಸಮಾನತೆಯಿಂದ ಮಾತನಾಡುವುದೇ ಈ ಶಿಕ್ಷಣದ ಕೇಂದ್ರವಾಗಿದ್ದು ಪದವಿಯೆಂಬುದು ಅದರ ಸುತ್ತ ಬೆಳೆದ ವ್ಯವಸ್ಥೆ ಎಂಬ ತೀರ್ಮಾನಕ್ಕೆ ಈ ಪ್ರಸಂಗವು ಬಲವಾದ ಆಧಾರವಾಗಿದೆ.

ಕನ್ನಡದ ನವೋದಯವೂ ಹೀಗೆಯೇ ಕಾಲೇಜುಗಳ ಆವರಣದಲ್ಲಿ ಬೆಳೆಯಿತು. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳ ಕರ್ನಾಟಕ ಸಂಘಗಳು, ಎ. ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ಆರಂಭಿಸಿದ ‘ಪ್ರಬುದ್ಧ ಕರ್ನಾಟಕ’, 1927ರಲ್ಲಿ ಮೈಸೂರು ವಿಶ್ವವಿದ್ಯಾಲಯ ತೆರೆದ ಕನ್ನಡ ಎಂ.ಎ. ತರಗತಿ, ಇವುಗಳ ಕಥೆ ಸುಪರಿಚಿತವಾದುದರಿಂದ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದ್ದನ್ನೂ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದುತ್ತ ಇಂಗ್ಲಿಷ್ ಕವಿತೆಯ ಕಡೆಗೆ ವಾಲಿದ್ದ ವಿನಾಯಕ ಕೃಷ್ಣ ಗೋಕಾಕರನ್ನು ದ. ರಾ. ಬೇಂದ್ರೆಯವರ ಸಹವಾಸ ಕನ್ನಡಕ್ಕೆ ತಿರುಗಿಸಿದ್ದನ್ನೂ ಒಟ್ಟಿಗಿಟ್ಟು ನೋಡಿದರೆ, ಎರಡು ಪ್ರಾಂತಗಳಲ್ಲಿಯೂ ನಿರ್ಣಾಯಕವಾದ ಮೊದಲ ಪಾಠ ಛಂದಸ್ಸಿನದಲ್ಲ, ಯಾವ ಭಾಷೆಯಲ್ಲಿ ಬರೆಯಬೇಕೆಂಬುದರದು ಎಂಬುದು ತಿಳಿಯುತ್ತದೆ.

ಈ ಪರಂಪರೆಯ ಒಂದು ಶಾಖೆ ಕೃಷ್ಣೆಯ ಆಚೀಚೆ, ಇಂದು ಮಹಾರಾಷ್ಟ್ರದಲ್ಲಿರುವ ಊರುಗಳಲ್ಲಿ ಬೆಳೆದು ಫಲ ಕೊಟ್ಟಿತು ಎಂಬುದನ್ನು ಕರ್ನಾಟಕದ ಸಾಹಿತ್ಯಚರಿತ್ರೆಗಳು ಹೆಸರಿಸಿ ಮುಂದೆ ಹೋಗುತ್ತವೆಯೇ ಹೊರತು ಅಲ್ಲಿ ನಿಲ್ಲುವುದಿಲ್ಲ, ನಿಲ್ಲಬೇಕಾದದ್ದು ಅಲ್ಲಿಯೇ. ಡೆಕ್ಕನ್ ಎಜ್ಯುಕೇಶನ್ ಸೊಸೈಟಿ 1919ರಲ್ಲಿ ಸಾಂಗಲಿಯಲ್ಲಿ ಸ್ಥಾಪಿಸಿದ ವಿಲಿಂಗ್ಡನ್ ಕಾಲೇಜು ಶಿರೋಳ ತಾಲೂಕಿನ ಹಳ್ಳಿಗಳಿಗೆ ಅತ್ಯಂತ ಸಮೀಪದ ಉನ್ನತ ವಿದ್ಯಾಕೇಂದ್ರವಾಗಿತ್ತು. ಆ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು 1930ರ ದಶಕದಿಂದ ಮೊದಲುಗೊಂಡು ದೀರ್ಘಕಾಲ ಕನ್ನಡವನ್ನು ಕಲಿಸಿದರು. ‘ರಸಿಕರಂಗ’ ಎಂಬ ಕಾವ್ಯನಾಮದಲ್ಲಿ ಕವಿತೆಗಳನ್ನು ಬರೆಯುತ್ತಲೇ ಅವರು 1953ರಲ್ಲಿ ಹೊರಬಂದ ‘ಕನ್ನಡ ಸಾಹಿತ್ಯ ಚರಿತ್ರೆ’ಯನ್ನು ಸಿದ್ಧಪಡಿಸಿದರು, ಮತ್ತು ಆ ಗ್ರಂಥಕ್ಕೆ 1956ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆಕ್ಸ್‌ಫರ್ಡಿನಲ್ಲಿ ಓದಿ 1938ರಲ್ಲಿ ಮರಳಿದ ಗೋಕಾಕರೂ ಅದೇ ಕಾಲೇಜಿನಲ್ಲಿ ಇಂಗ್ಲಿಷನ್ನು ಕಲಿಸಿದರು. ಕಡಲ ಪಯಣದ ಅನುಭವದಿಂದ ಮೂಡಿದ ಅವರ ‘ಸಮುದ್ರ ಗೀತೆಗಳು’ 1940ರಲ್ಲಿ ಪ್ರಕಟವಾದುವು. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದ ಗಂಗಾಧರ ಚಿತ್ತಾಲರು ವಿಲಿಂಗ್ಡನ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿ, ಕೇಂದ್ರ ಸರ್ಕಾರದ ಲೆಕ್ಕಪತ್ರ ಸೇವೆಗೆ ಸೇರಿ, ಕನ್ನಡದ ಅತ್ಯಂತ ಗಂಭೀರ ಕವಿಗಳಲ್ಲಿ ಒಬ್ಬರಾದರು. ಮರಾಠಿ ಪರಿಸರದ ಊರಿನಲ್ಲಿ, ಇಂಗ್ಲಿಷ್ ವಿಭಾಗದ ವಿದ್ಯಾರ್ಥಿಯಾಗಿದ್ದುಕೊಂಡು ಕನ್ನಡದ ಕವಿಯಾಗಿ ರೂಪುಗೊಳ್ಳುವುದು ಸಾಧ್ಯವಾದದ್ದು ಆ ವಿಭಾಗದ ಒಳಗೂ ಹೊರಗೂ ಕನ್ನಡದಲ್ಲಿ ಬರೆಯುವ ಅಧ್ಯಾಪಕರಿದ್ದುದರಿಂದ ಎಂದು ಭಾವಿಸಲು ಸಕಾರಣವಿದೆ.

ಕೊಲ್ಹಾಪುರದ ಕಥೆ ಇನ್ನಷ್ಟು ಹಿಂದಿನಿಂದ ಆರಂಭವಾಗುತ್ತದೆ. 1880ರಲ್ಲಿ ಸ್ಥಾಪನೆಯಾದ ರಾಜಾರಾಂ ಕಾಲೇಜಿಗೆ ಹಳ್ಳಿಗಾಡಿನ ವಿದ್ಯಾರ್ಥಿಗಳು ಬರುವಂತಾದದ್ದು ಶಾಹು ಮಹಾರಾಜರು 1901ರಿಂದ ಮುಂದಕ್ಕೆ ಬೇರೆ ಬೇರೆ ಸಮುದಾಯಗಳಿಗಾಗಿ ತೆರೆಸಿದ ವಸತಿಗೃಹಗಳಿಂದ. ಮನೆಯಲ್ಲಿ ಕನ್ನಡವಾಡುವ ಜೈನ ಮತ್ತು ಲಿಂಗಾಯತ ರೈತಕುಟುಂಬಗಳ ಮಕ್ಕಳಿಗೂ ಪಟ್ಟಣದಲ್ಲಿ ಇದ್ದು ಓದುವ ಅವಕಾಶ ಆ ಬೋರ್ಡಿಂಗುಗಳಿಂದ ದೊರೆಯಿತು. ಅದೇ ಕಾಲೇಜಿನಲ್ಲಿ ಕನ್ನಡವನ್ನು ಕಲಿಸಿದ ಗೋಕಾಕ ಸೀಮೆಯ ಕೆ. ಜಿ. ಕುಂದಣಗಾರರು 1939ರಲ್ಲಿ ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳ ಸಂಪುಟವನ್ನು ಹೊರತಂದು, ಕೊಲ್ಹಾಪುರದ ಶಿಲಾಹಾರರು ತಮ್ಮ ದಾನಶಾಸನಗಳನ್ನು ಕನ್ನಡದಲ್ಲಿ ಬರೆಸಿದ್ದರು ಎಂಬುದಕ್ಕೆ ಮುದ್ರಿತ ಸಾಕ್ಷ್ಯವನ್ನು ಒದಗಿಸಿದರು. ಶಿರೋಳ ತಾಲೂಕಿನ ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿಯೂ ಕನ್ನಡ ಶಾಸನಗಳಿವೆ. ಇವುಗಳನ್ನು ಯಾವುದೇ ರಾಜ್ಯದ ಹಕ್ಕುಪತ್ರವಾಗಿ ಓದುವುದು ತಪ್ಪಾಗುತ್ತದೆ, ಏಕೆಂದರೆ ಶಾಸನಗಳ ಕಾಲಕ್ಕೆ ಇಂದಿನ ಗಡಿಯೇ ಇರಲಿಲ್ಲ. ಆದರೆ ಗಡಹಿಂಗ್ಲಜದ ಅಥವಾ ಇಚಲಕರಂಜಿಯ ವಿದ್ಯಾರ್ಥಿನಿಗೆ ತನ್ನ ಅಜ್ಜಿಯ ಮಾತು ಅಡಿಗೆಮನೆಯಷ್ಟಕ್ಕೇ ಸೀಮಿತವಾದದ್ದಲ್ಲ, ಇದೇ ಮಣ್ಣಿನಲ್ಲಿ ಎಂಟುನೂರು ವರ್ಷಗಳ ಹಿಂದೆ ಶಿಲೆಯ ಮೇಲೆ ಬರೆಯಿಸಿಕೊಂಡ ಮಾತು ಎಂಬ ಅರಿವನ್ನು ಅವು ಕೊಡಬಲ್ಲವು, ಮತ್ತು ಬರೆಯಲು ಕೂರುವವರಿಗೆ ಆ ಅರಿವು ಸಣ್ಣದಲ್ಲ.

ದೂಧಗಂಗೆಯ ಸದಲಗಾ ಊರಿನ ಆ. ನೇ. ಉಪಾಧ್ಯೆಯವರು 1930ರಿಂದ ಮೂರು ದಶಕಗಳ ಕಾಲ ರಾಜಾರಾಂ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಕಲಿಸಿ, ಪ್ರಾಕೃತ ಗ್ರಂಥಗಳ ಸಂಪಾದನೆಯಿಂದ ಜಗತ್ತಿನ ವಿದ್ವಾಂಸರ ಮನ್ನಣೆಗೆ ಪಾತ್ರರಾದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವ ಅವರಿಗೆ ಸಂದಿತು. ಅದೇ ಆವರಣದಲ್ಲಿ ಮರಾಠಿಯ ಕವಿ ಮಾಧವ ಜೂಲಿಯನ್, ಎಂದರೆ ಮಾಧವರಾವ್ ಪಟವರ್ಧನರು, ಫಾರಸಿಯನ್ನು ಕಲಿಸುತ್ತ ಗಜಲ್ ಪ್ರಕಾರವನ್ನು ಮರಾಠಿಗೆ ಒಗ್ಗಿಸಿದರು ಮತ್ತು ಮರಾಠಿ ಛಂದಸ್ಸಿನ ಮೇಲೆ ‘ಛಂದೋರಚನಾ’ ಎಂಬ ದೊಡ್ಡ ಗ್ರಂಥವನ್ನು ರಚಿಸಿದರು. 1950ರ ಸುಮಾರಿಗೆ ಗೋಕಾಕರು ಇದೇ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಅವರ ‘ನವ್ಯ ಕವಿತೆಗಳು’ ಸಂಕಲನವೂ ಆ ಹೊತ್ತಿನದೇ. ಪ್ರಾಕೃತ, ಫಾರಸಿ, ಕನ್ನಡ, ಮರಾಠಿ, ಇಂಗ್ಲಿಷ್‌ಗಳನ್ನು ಕಲಿಸುವ ಪಂಡಿತರೂ ಕವಿಗಳೂ ಒಂದೇ ಕಾಲೇಜಿನ ಚರಿತ್ರೆಯಲ್ಲಿ ಹೀಗೆ ಸೇರಿಬಂದದ್ದು ಕೊಲ್ಹಾಪುರದ ಭಾಗ್ಯ. ಬರವಣಿಗೆಯ ಅಧ್ಯಯನಕ್ಕೆ ಒಂದೇ ಭಾಷೆಯ ವಿಭಾಗ ಸಾಲದು, ಹಲವು ಭಾಷೆಗಳ ಕಾವ್ಯವನ್ನು ಮೂಲದಲ್ಲಿ ಬಲ್ಲವರ ನೆರೆ ಬೇಕು ಎಂಬುದಕ್ಕೆ ಬೇರೆ ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಸೊಲ್ಲಾಪುರದ ದಯಾನಂದ ಕಾಲೇಜಿನಲ್ಲಿ ಬೇಂದ್ರೆಯವರು 1944ರಿಂದ 1956ರವರೆಗೆ ಕನ್ನಡ ಪ್ರಾಧ್ಯಾಪಕರಾಗಿದ್ದರು. ‘ನರಬಲಿ’ ಕವಿತೆಗಾಗಿ ಸೆರೆವಾಸವನ್ನೂ ಆಮೇಲೆ ವರ್ಷಗಟ್ಟಲೆ ನೆಲೆಯಿಲ್ಲದ ಬದುಕನ್ನೂ ಕಂಡ ಕವಿಗೆ ಐವತ್ತರ ಹತ್ತಿರದಲ್ಲಿ ಸ್ಥಿರವಾದ ಕಾಲೇಜು ಅಧ್ಯಾಪಕ ಹುದ್ದೆ ಸಿಕ್ಕಿದ್ದು ಧಾರವಾಡದಲ್ಲಿ ಅಲ್ಲ, ಸೊಲ್ಲಾಪುರದಲ್ಲಿ ಎಂಬುದನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯಬೇಕು. ಬೇಂದ್ರೆಯವರ ಮನೆಮಾತು ಮರಾಠಿ. ಅವರ ಕಾವ್ಯದ ಮಾತು ಧಾರವಾಡದ ಓಣಿಗಳಲ್ಲಿ, ಹೆಣ್ಣುಮಕ್ಕಳ ಹಾಡುಗಳಲ್ಲಿ ಕಿವಿಗೆ ಬಿದ್ದ ಕನ್ನಡ. ಮರಾಠಿಯಲ್ಲಿಯೂ ಅವರು ಬರೆದರು. ಗಡಹಿಂಗ್ಲಜದ ಇಂದಿನ ವಿದ್ಯಾರ್ಥಿಯ ಸ್ಥಿತಿ ಇದರ ವಿಲೋಮವಾಗಿದೆ: ಮನೆಮಾತು ಕನ್ನಡ, ಅಕ್ಷರದ ಮಾತು ಮರಾಠಿ. ಎರಡು ಭಾಷೆಗಳ ನಡುವೆ ಬೆಳೆಯುವುದನ್ನು ಕೊರತೆಯೆಂದು ಬಗೆಯುವವರಿಗೆ, ಇಪ್ಪತ್ತನೆಯ ಶತಮಾನದ ಕನ್ನಡದ ಮಹಾಕವಿ ಅಂಥ ನಡುವಿನಲ್ಲಿಯೇ ಬೆಳೆದರು ಎಂಬುದನ್ನು ತೋರಿಸಿದರೆ ಸಾಕು. ಗಡಿಯ ಆಚೆಬದಿಯಲ್ಲಿಯೂ ಇದಕ್ಕೆ ಜೋಡಿಯಿದೆ: ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿ, ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷನ್ನು ಕಲಿಸುತ್ತ, ಕನ್ನಡದ ಊರಿನಲ್ಲಿ ಬಾಳಿದ ಜಿ. ಎ. ಕುಲಕರ್ಣಿಯವರು ಮರಾಠಿ ಸಣ್ಣಕತೆಯ ಶಿಖರಗಳಲ್ಲಿ ಒಬ್ಬರಾದರು.

ಈ ಶಾಖೆ ಒಣಗಿದ್ದು ಯಾರ ದ್ವೇಷದಿಂದಲೂ ಅಲ್ಲ, ಆಡಳಿತದ ಮರುಜೋಡಣೆಯಿಂದ. ಬೆಳಗಾವಿ, ಧಾರವಾಡ, ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರಗಳ ಕಾಲೇಜುಗಳು ಮುಂಬಯಿ ವಿಶ್ವವಿದ್ಯಾಲಯವೊಂದಕ್ಕೇ ಸೇರಿದ್ದ ಕಾಲದಲ್ಲಿ ಕನ್ನಡದ ಅಧ್ಯಾಪಕನೂ ವಿದ್ಯಾರ್ಥಿಯೂ ಈ ಊರುಗಳ ನಡುವೆ ಸಲೀಸಾಗಿ ಓಡಾಡಬಹುದಾಗಿತ್ತು. 1949ರ ಹೊತ್ತಿಗೆ ಪುಣೆ ಮತ್ತು ಕರ್ನಾಟಕ ವಿಶ್ವವಿದ್ಯಾಲಯಗಳು ಬೇರೆಬೇರೆಯಾಗಿ ಹುಟ್ಟಿದವು, 1956ರಲ್ಲಿ ಭಾಷಾವಾರು ರಾಜ್ಯಗಳಾದವು, 1962ರಲ್ಲಿ ಕೊಲ್ಹಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಪ್ರತಿಯೊಂದು ಹೆಜ್ಜೆಯೂ ತನ್ನ ಮಟ್ಟಿಗೆ ನ್ಯಾಯವಾದದ್ದು ಮತ್ತು ಜನರ ಬಹುಕಾಲದ ಬೇಡಿಕೆಗೆ ಉತ್ತರವಾಗಿ ಬಂದದ್ದು. ಆದರೆ ಎಲ್ಲ ಹೆಜ್ಜೆಗಳ ಒಟ್ಟು ಪರಿಣಾಮವಾಗಿ ಗೋಕಾಕರು, ಬೇಂದ್ರೆಯವರು ಧಾರವಾಡಕ್ಕೆ ಮರಳಿದಂತೆ ಕನ್ನಡದಲ್ಲಿ ಮುಂದೆ ಓದಬೇಕೆಂಬವರೂ ದಕ್ಷಿಣಕ್ಕೆ ಮುಖ ಮಾಡಿದರು, ಗಡಿಯ ಈ ಬದಿಯಲ್ಲಿ ಉಳಿದವರಿಗೆ ಕನ್ನಡವು ಬರೆಯುವ ಭಾಷೆಯಾಗಿ ದೊರೆಯುವ ಅವಕಾಶ ಕುಗ್ಗುತ್ತ ಬಂದಿತು.

ವಿಶ್ವವಿದ್ಯಾಲಯವಿಲ್ಲದೆಯೂ ಲೇಖಕರು ಹುಟ್ಟುತ್ತಾರೆ ಎಂಬ ಮಾತಿಗೆ ಈ ನೆಲದಲ್ಲಿಯೇ ಉತ್ತಮ ನಿದರ್ಶನವಿದೆ, ಮತ್ತು ಅದನ್ನು ಮರೆಮಾಡಿ ವಾದವನ್ನು ಮುಂದುವರಿಸುವುದು ಸಲ್ಲದು. ಮಿರಜ ಮತ್ತು ಶಿರೋಳಗಳಿಗೆ ಅನತಿದೂರದ ಶೇಡಬಾಳದ ಮಿರ್ಜಿ ಅಣ್ಣಾರಾಯರು ಶಾಲಾ ಶಿಕ್ಷಕರಾಗಿದ್ದುಕೊಂಡು 1940ರ ದಶಕದಲ್ಲಿ ‘ನಿಸರ್ಗ’ ಕಾದಂಬರಿಯನ್ನು ಬರೆದು, ಕೃಷ್ಣಾತೀರದ ಜೈನ ಒಕ್ಕಲುಮನೆಗಳ ಬದುಕನ್ನು ಅಲ್ಲಿನ ಆಡುಗನ್ನಡದಲ್ಲಿಯೇ ಕಟ್ಟಿಕೊಟ್ಟರು. ಲಾವಣಿಗಳನ್ನು ಎದುರುಬದುರಾಗಿ ಹಾಡುವ ಹರದೇಶಿ ನಾಗೇಶಿ ಮೇಳಗಳ ಗಾಯಕರೂ ಹಾಗೆಯೇ. ಗುರುವಿನ ಕೈಕೆಳಗೆ ನೂರಾರು ಪದಗಳನ್ನು ಬಾಯಿಪಾಠ ಮಾಡಿ, ಎದುರು ಮೇಳ ಒಡ್ಡಿದ ಸವಾಲಿಗೆ ಅದೇ ಧಾಟಿಯಲ್ಲಿ ಜವಾಬು ಕಟ್ಟುವುದನ್ನು ಕಲಿಯುವ ಆ ಪದ್ಧತಿಯು ಮಮ್ಮಟ ಹೇಳಿದ ಮೂರು ಕಾರಣಗಳನ್ನೂ ಒಳಗೊಂಡ ಪೂರ್ಣ ಶಿಕ್ಷಣವಾಗಿದ್ದು, ಕಲ್ಗಿ ಮತ್ತು ತುರಾ ಪಕ್ಷಗಳ ರೂಪದಲ್ಲಿ ಅದು ಕನ್ನಡ ಮರಾಠಿಗಳೆರಡಕ್ಕೂ ಸೇರಿದೆ. ಈ ಉದಾಹರಣೆಗಳು ತರಗತಿಯು ಬೇಡವೆಂದು ಹೇಳುವುದಿಲ್ಲ. ಮೇಳದಲ್ಲಿ ಬೆಳೆದವನಿಗೆ ಗುರುವೂ ಗೋಷ್ಠಿಯೂ ಸಿದ್ಧವಾಗಿದ್ದವು; ಪದವಿ ತರಗತಿಗೆ ಬರುವ ಇಂದಿನ ತರುಣ ತರುಣಿಯರಿಗೆ ಮೇಳದ ಗುರುವೂ ಇಲ್ಲ, ರಾಜಾರಾಂ ಕಾಲೇಜಿನ ಗೋಕಾಕರೂ ಇಲ್ಲ.

ಮರಾಠಿಯ ಅನುಭವವೂ ಇಲ್ಲಿ ದಾರಿ ತೋರಿಸುತ್ತದೆ. ಕಾಗಲಿನ ಬಡ ರೈತಕುಟುಂಬದಲ್ಲಿ 1935ರಲ್ಲಿ ಹುಟ್ಟಿದ ಆನಂದ ಯಾದವರು ‘ಗೋತಾವಳಾ’ ಕಾದಂಬರಿಯನ್ನು ತಮ್ಮ ಸೀಮೆಯ ಗ್ರಾಮೀಣ ಮರಾಠಿಯಲ್ಲಿ ಬರೆದು, ಶಾಲೆಗಾಗಿ ತಾವು ನಡೆಸಿದ ಹೋರಾಟವನ್ನು ‘ಝೋಂಬಿ’ಯಲ್ಲಿ ನಿರೂಪಿಸಿ, ಪುಣೆ ವಿಶ್ವವಿದ್ಯಾಲಯದಲ್ಲಿ ಮರಾಠಿ ಪ್ರಾಧ್ಯಾಪಕರಾದರು, ಗಡಹಿಂಗ್ಲಜ ತಾಲೂಕಿನವರಾದ ರಾಜನ್ ಗವಸರು ಅಧ್ಯಾಪಕರಾಗಿದ್ದುಕೊಂಡೇ ಜೋಗತಿಯರ ಮತ್ತು ಹಳ್ಳಿಗರ ಬದುಕಿನ ಕಾದಂಬರಿಗಳನ್ನು ಬರೆದು, ‘ತಣಕಟ’ ಕೃತಿಗೆ 2001ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದರು. ಊರಿನ ಮಾತು ವಿಶ್ವವಿದ್ಯಾಲಯದ ಒಳಗೆ ತಲೆಯೆತ್ತಿ ನಿಲ್ಲಬಹುದು ಎಂಬುದನ್ನು ಮರಾಠಿ ಹೀಗೆ ತೋರಿಸಿಕೊಟ್ಟಿದೆ. ಕನ್ನಡದಲ್ಲಿ ಇದೇ ಕೆಲಸವನ್ನು ಗಡಹಿಂಗ್ಲಜಕ್ಕೆ ಹೊಂದಿಕೊಂಡ ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಮಾಡಿದರು. ಊರಿನ ಬಯಲಾಟ, ಲಾವಣಿಗಳ ಲಯವನ್ನು ‘ಹೇಳತೇನ ಕೇಳ’ದಲ್ಲಿ ಪುಸ್ತಕದ ಕಾವ್ಯಕ್ಕೆ ತಂದ ಅವರು ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು.

ಹಾಗಾದರೆ ಕೊಲ್ಹಾಪುರ ಸೀಮೆಯಲ್ಲಿ ಇಂದು ಸೃಜನಶೀಲ ಬರವಣಿಗೆಯ ಅಧ್ಯಯನವನ್ನು ಕಟ್ಟುವುದಾದರೆ ಅದು ಕನ್ನಡ ಮತ್ತು ಮರಾಠಿಗಳಲ್ಲಿ ಜೊತೆಯಾಗಿ ನಡೆಯುವ ಅಧ್ಯಯನವಾಗಿರಬೇಕು, ಮತ್ತು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯವೂ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಅದನ್ನು ಕೂಡಿ ನಡೆಸುವಂತಾಗಬೇಕು. ಇಂಥ ತರಗತಿಗೆ ಬರುವ ಕನ್ನಡದ ವಿದ್ಯಾರ್ಥಿಯ ಮೊದಲ ತೊಡಕು ತೀರ ನಿರ್ದಿಷ್ಟವಾದದ್ದು. ಮರಾಠಿಯ ದೇವನಾಗರಿಯಲ್ಲಿ ಎ ಮತ್ತು ಏ, ಒ ಮತ್ತು ಓಗಳಿಗೆ ಹ್ರಸ್ವ ದೀರ್ಘ ಎಂಬ ಬರಹದ ಭೇದವಿಲ್ಲ. ಕನ್ನಡದಲ್ಲಿ ಆ ಭೇದ ತಪ್ಪಿದರೆ ಅರ್ಥವೇ ಬದಲಾಗುತ್ತದೆ. ದೇವನಾಗರಿಯಲ್ಲಿ ಮೊದಲ ಅಕ್ಷರ ತಿದ್ದಿ ಕನ್ನಡ ಲಿಪಿಗೆ ತಡವಾಗಿ ಬಂದವರಿಗೆ ಕಿವಿ ಬಲ್ಲ ಭೇದವನ್ನು ಕೈ ಅರಿಯದಾಗಿರುತ್ತದೆ, ಮತ್ತು ಇಂಥ ಬರಹವನ್ನು ಕಂಡ ಅಧ್ಯಾಪಕರು ಅವಸರದಲ್ಲಿ ಭಾಷೆಯೇ ಬಾರದವರೆಂದು ತೀರ್ಪು ಕೊಡುವ ಅಪಾಯವಿದೆ. ಕೆಂಪು ಶಾಯಿಯಿಂದ ಇದು ನೇರ್ಪಡುವುದಿಲ್ಲ, ಛಂದಸ್ಸಿನಿಂದ ನೇರ್ಪಡುತ್ತದೆ: ನಾಲ್ಕು ಅಥವಾ ಐದು ಮಾತ್ರೆಗಳ ಗಣಗಳಲ್ಲಿ ರಗಳೆಯನ್ನು ಕಟ್ಟತೊಡಗಿದ ವಿದ್ಯಾರ್ಥಿಯು ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸುತ್ತ ಹೋದಂತೆ ಹ್ರಸ್ವ ದೀರ್ಘಗಳು ತಾವಾಗಿಯೇ ಸ್ವಸ್ಥಾನಕ್ಕೆ ಬರುತ್ತವೆ, ಒತ್ತಕ್ಷರದ ಹಿಂದಿನ ಅಕ್ಷರ ಏಕೆ ಗುರುವಾಗುತ್ತದೆಂಬುದೂ ನಾಲಿಗೆಗೆ ತಿಳಿಯುತ್ತದೆ. ಅರ್ಥದ ಹೊಣೆಯಿಲ್ಲದೆ ಪದ್ಯ ಕಟ್ಟಿಸಿದ ಕ್ಷೇಮೇಂದ್ರನ ಕ್ರಮವನ್ನು ಗಡಿನಾಡಿನ ತರಗತಿಯ ಮೊದಲ ತಿಂಗಳಿಗೆ ಹಾಗೆಯೇ ತರಬಹುದು.

ಎರಡನೆಯ ಹಂತದಲ್ಲಿ, ಯಾವ ಕನ್ನಡದಲ್ಲಿ ಬರೆಯಲು ಕಲಿಸಬೇಕೆಂಬ ಆ ಮೂರನೆಯ ಪ್ರಶ್ನೆ ಎದುರಾಗುತ್ತದೆ. ಈ ಸೀಮೆಯ ಕನ್ನಡದಲ್ಲಿ ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತಾರೆ, ಚಿಕ್ಕಪ್ಪನನ್ನು ಕಾಕಾ ಎನ್ನುತ್ತಾರೆ. ಇಚಲಕರಂಜಿಯ ವಿದ್ಯುತ್ ಮಗ್ಗಗಳ ನಡುವೆ ಬೆಳೆದ ಹುಡುಗನ ಕತೆಯಲ್ಲಿ ಕಾರ್ಖಾನೆಯ ಮಾತುಗಳೆಲ್ಲ ಮರಾಠಿ ಹಿಂದಿಗಳ ಬೆರಕೆಯಲ್ಲಿ ಬರುತ್ತವೆ. ಅವನ ವೈನಿಯನ್ನು ಅತ್ತಿಗೆಯಾಗಿ ತಿದ್ದಿದರೆ ವಾಕ್ಯ ಶಿಷ್ಟವಾಗುತ್ತದೆ, ಮನೆ ಮಾತ್ರ ಅಲ್ಲಿಂದ ಕಾಣೆಯಾಗುತ್ತದೆ. ಆದರೆ ಆಡುಮಾತನ್ನು ಕಿವಿಗೆ ಬಿದ್ದಂತೆ ಇಳಿಸಿದ ಮಾತ್ರಕ್ಕೆ ಅದು ಸಾಹಿತ್ಯವಾಗುವುದಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕಾಗಿದೆ. ಬೇಂದ್ರೆ, ಕಂಬಾರ, ಮಿರ್ಜಿ ಅಣ್ಣಾರಾಯರಲ್ಲಿ ಯಾರೂ ಆಡುಮಾತನ್ನು ಸುಮ್ಮನೆ ನಕಲು ಮಾಡಲಿಲ್ಲ, ಆಯ್ದು, ಹದಗೊಳಿಸಿ, ಲಯಕ್ಕೆ ಕೂಡಿಸಿ ಬಳಸಿದರು. ಈ ಆಯ್ಕೆಯನ್ನು ಕಲಿಸುವುದೇ ತರಗತಿಯ ನಿಜವಾದ ಕೆಲಸವಾಗಿದ್ದು, ಅದಕ್ಕಾಗಿ ಒಂದೇ ಪ್ರಸಂಗವನ್ನು, ಉದಾಹರಣೆಗೆ 2019ರ ಮಹಾಪೂರದಲ್ಲಿ ಶಿರೋಳ ತಾಲೂಕಿನ ಹಳ್ಳಿಯೊಂದರ ಜನ ದನಕರುಗಳನ್ನು ಹೊಡೆದುಕೊಂಡು ಊರು ಬಿಟ್ಟದ್ದನ್ನು, ಒಮ್ಮೆ ಮುದುಕಿಯೊಬ್ಬಳ ಬಾಯಿಂದ, ಒಮ್ಮೆ ಗ್ರಂಥಸ್ಥ ಕನ್ನಡದ ನಿರೂಪಕನಿಂದ, ಒಮ್ಮೆ ಮರಾಠಿಯಲ್ಲಿ ಬರೆಯಿಸಿ, ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ಯಾವುದು ಏನನ್ನು ಹಿಡಿಯಿತು, ಏನನ್ನು ಬಿಟ್ಟಿತು ಎಂದು ನೋಡಬೇಕು. ಅನುವಾದವು ಇಲ್ಲಿ ಬೇರೆ ಪತ್ರಿಕೆಯಾಗದೆ ಬರವಣಿಗೆಯ ಅಂಗವೇ ಆಗುತ್ತದೆ.

ಕಮ್ಮಟದ ನಡವಳಿಕೆಯ ಬಗ್ಗೆ ಕೆಲವು ಮಾತು ಅಗತ್ಯ. ಹನ್ನೆರಡು ಜನಕ್ಕಿಂತ ಹೆಚ್ಚು ಮಂದಿಯಿದ್ದಲ್ಲಿ ಅದು ಉಪನ್ಯಾಸವಾಗಿಬಿಡುತ್ತದೆ. ಹಸ್ತಪ್ರತಿ ಎಲ್ಲರ ಕೈಗೆ ಮುಂಚಿತವಾಗಿ ತಲುಪಿರಬೇಕು. ಬರೆದವರು ಆ ಹೊತ್ತಿನಲ್ಲಿ ವಿವರಣೆ ಕೊಡದೆ ಕೇಳಬೇಕು. ಓದಿದವರು ಮೊದಲು ಪಠ್ಯದಲ್ಲಿ ಇರುವುದನ್ನು ಹೇಳಿ ಆಮೇಲೆ ಕೊರತೆಯ ಮಾತಿಗೆ ಬರಬೇಕು. ರಾಜಶೇಖರನು ಭಾವಯಿತ್ರಿ ಎಂದು ಕರೆದ ಶಕ್ತಿ ಬೆಳೆಯುವುದು ಇಂಥಲ್ಲಿ, ಮತ್ತು ಬಂದವರಲ್ಲಿ ಬಹುಮಂದಿ ಕವಿಗಳಾಗದೆ ಹೋದರೂ ಶಿಕ್ಷಕರಾಗಿ, ಪತ್ರಕರ್ತರಾಗಿ, ಓದುಗರಾಗಿ ಆ ಶಕ್ತಿಯನ್ನು ಹೊತ್ತೊಯ್ಯುತ್ತಾರೆ. ದೊಡ್ಡ ಅಪಾಯವೆಂದರೆ ಒಂದೇ ಕಮ್ಮಟದಿಂದ ಬಂದವರೆಲ್ಲ ಒಂದೇ ಬಗೆಯಾಗಿ ಬರೆಯತೊಡಗುವುದು; ಅಮೆರಿಕದಲ್ಲಿಯೂ ಈ ಆಕ್ಷೇಪ ಬಹುಕಾಲದಿಂದ ಇದೆ, ಮತ್ತು ಅದು ನಿರಾಧಾರವಲ್ಲ. ಓದಿನ ಹರಹು ದೊಡ್ಡದಿದ್ದಷ್ಟೂ ಈ ಅಪಾಯ ಕಡಿಮೆಯಾಗುವುದರಿಂದ, ಪಂಪನ ಜೊತೆಗೆ ಜ್ಞಾನೇಶ್ವರಿಯನ್ನೂ, ವಚನಗಳ ಜೊತೆಗೆ ತುಕಾರಾಮನ ಅಭಂಗಗಳನ್ನೂ, ಚಿತ್ತಾಲರ ಜೊತೆಗೆ ಮರ್ಢೇಕರರನ್ನೂ ಮೂಲದಲ್ಲಿಯೇ ಓದಬಲ್ಲ ವಿದ್ಯಾರ್ಥಿಗಳು ದೊರೆಯುವ ಈ ಸೀಮೆಗೆ ಬೇರೆಲ್ಲಿಯೂ ಇಲ್ಲದ ಅನುಕೂಲವಿದೆ.

ಇನ್ನು ಉಳಿದದ್ದು ಪರೀಕ್ಷೆಯ ಪ್ರಶ್ನೆ. ಮೂರು ಗಂಟೆಯಲ್ಲಿ ಕೊಟ್ಟ ವಿಷಯದ ಮೇಲೆ ಕವಿತೆ ಬರೆಯಿಸಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿ ಈ ಅಧ್ಯಯನವನ್ನು ಆರಂಭದಲ್ಲಿಯೇ ಕೆಡಿಸುತ್ತದೆ. ವರ್ಷದುದ್ದಕ್ಕೂ ಬರೆದ ಒಂದೊಂದು ಬರಹದ ಮೊದಲ ಪ್ರತಿ, ತಿದ್ದಿದ ಪ್ರತಿಗಳು, ಕೊನೆಯ ಪ್ರತಿ, ಮತ್ತು ತಿದ್ದಿದ್ದು ಏಕೆಂಬ ವಿದ್ಯಾರ್ಥಿಯದೇ ಟಿಪ್ಪಣಿ, ಇವೆಲ್ಲವನ್ನೂ ಒಂದು ಕಡತವಾಗಿ ಕೂಡಿಟ್ಟು, ಕನ್ನಡದವರೊಬ್ಬರು, ಮರಾಠಿಯವರೊಬ್ಬರು ಎಂಬಂತೆ ಇಬ್ಬರು ಲೇಖಕರು ಓದಿ, ಪ್ರತಿಯಿಂದ ಪ್ರತಿಗೆ ಆದ ಬೆಳವಣಿಗೆಯನ್ನು ಅಳೆಯುವುದು ನ್ಯಾಯವಾದ ಕ್ರಮ. ಇದಕ್ಕೆ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಕೊಲ್ಹಾಪುರದಲ್ಲಿ ಕನ್ನಡದ ಒಂದು ಪೀಠ, ಬರೆಯುವವರಾದ ಒಬ್ಬರು ಅಧ್ಯಾಪಕರು, ಅವರ ಪಕ್ಕದಲ್ಲಿ ಮರಾಠಿಯಲ್ಲಿ ಬರೆಯುವ ಇನ್ನೊಬ್ಬರು, ಮತ್ತು ಎರಡೂ ವಿಶ್ವವಿದ್ಯಾಲಯಗಳು ಮಾನ್ಯ ಮಾಡುವ ಒಂದು ವರ್ಷದ ಪ್ರಮಾಣಪತ್ರ, ಇಷ್ಟರಿಂದ ಕೆಲಸವನ್ನು ಆರಂಭಿಸಬಹುದು.